ಕಟ್ಟೆಯ ತುದಿಯಲ್ಲಿದ್ದವರು

ನನ್ನ ಕೈಯಲ್ಲಿ ಅಳಿಸಿಹೋದವರು ಮತ್ತೆ ಕಾಣಿಸಿಕೊಂಡ ಚರಿತ್ರೆಯೇ ಇರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ, ಯಾಕೆ ಹೇಳಬಾರದು? ಪ್ರವಾಸದ ಕಂಪನಿಯೊಂದರಲ್ಲಿ ಫೋಟೋ ತಿದ್ದುವುದು ನನ್ನ ಕೆಲಸ. ಜನ ಬೆಟ್ಟ ನೋಡಲು ಹೋಗಿ, ಬೆಟ್ಟವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಫೋಟೋ ತೆಗೆದುಕೊಂಡು ಬರುತ್ತಾರೆ. ಕಸದ ಡಬ್ಬಿ, ಕರೆಂಟಿನ ತಂತಿ, ಯಾರದೋ ಮೊಣಕೈ, ತಮ್ಮದೇ ಹೆಬ್ಬೆರಳು. ಅವನ್ನೆಲ್ಲ ಒರೆಸಿ ಹಾಕಿ, ಅಲ್ಲಿದ್ದದ್ದು ಬೆಟ್ಟವೇ ಎಂದು ನಂಬಿಸಿ ವೆಬ್‌ಸೈಟಿಗೆ ಕೊಡುವವಳು ನಾನು. ಒರೆಸಿದ ಜಾಗಕ್ಕೆ ಪಕ್ಕದ ಹುಲ್ಲು, ಪಕ್ಕದ ಆಕಾಶ ತಂದು ಹೊಂದಿಸಿದರೆ, ಅಲ್ಲೊಬ್ಬರು ನಿಂತಿದ್ದರು ಅಂತ ಅವರ ಹೆತ್ತ ತಾಯಿಗೂ ಗೊತ್ತಾಗಬಾರದು.

ನಮ್ಮ ಆಫೀಸು ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿ. ಕಿಟಕಿಯ ಪಕ್ಕದ ಮೇಜು ನನ್ನದು, ಆದರೆ ಪರದೆ ಯಾವಾಗಲೂ ಎಳೆದೇ ಇರುತ್ತದೆ. ಬಿಸಿಲು ಮಾನಿಟರಿನ ಮೇಲೆ ಬಿದ್ದರೆ ಬಣ್ಣದ ಅಂದಾಜು ಕೆಡುತ್ತದೆ. ಎದುರಿನ ಮೇಜಿನಲ್ಲಿ ವೆಬ್‌ಸೈಟ್ ನೋಡಿಕೊಳ್ಳುವವನು, ಅವನಿಗೆ ನಾವಿಟ್ಟ ಹೆಸರು ಜಾಲಪ್ಪ. ಗಾಜಿನ ಕೋಣೆಯಲ್ಲಿ ಮ್ಯಾನೇಜರಮ್ಮ. ಆಕೆಯದೊಂದು ನಿಯಮ: ವೆಬ್‌ಸೈಟಿನ ಮುಖಪುಟದ ಫೋಟೋದಲ್ಲಿ ಮನುಷ್ಯರು ಇರಕೂಡದು. "ನೋಡೋರಿಗೆ ಅಲ್ಲಿ ತಾವೇ ನಿಂತಿದೀವಿ ಅನ್ನಿಸ್ಬೇಕು. ಮೊದಲೇ ಒಬ್ಬ ನಿಂತಿದ್ರೆ ಇವರು ಯಾಕೆ ದುಡ್ಡು ಕೊಟ್ಟು ಹೋಗ್ತಾರೆ?" ಎನ್ನುತ್ತಾರೆ. ಆ ನಿಯಮ ಬಂದಮೇಲೆ ನಾನು ಒರೆಸಿದ ಜನರನ್ನೆಲ್ಲ ಒಂದು ಕಡೆ ಸೇರಿಸಿದ್ದರೆ ಸಣ್ಣದೊಂದು ಊರೇ ಆಗುತ್ತಿತ್ತು.

ಇನ್ನು ನನ್ನ ಅಕ್ಕ. ಮೂರನೆಯ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಅವಳು ಮದುವೆಯಾಗದೆ ಉಳಿದದ್ದಕ್ಕೆ ತ್ಯಾಗದ ಕಥೆಯೇನೂ ಇಲ್ಲ, ಕರವಸ್ತ್ರ ಹುಡುಕಬೇಡಿ. ಅವಳಿಗೆ ಯಾರೂ ಹಿಡಿಸಲಿಲ್ಲ, ಅಷ್ಟೇ. ಒಬ್ಬ ಜಾಸ್ತಿ ಮಾತಾಡುತ್ತಾನೆ, ಇನ್ನೊಬ್ಬ ಬಾಯೇ ಬಿಡುವುದಿಲ್ಲ, ಮತ್ತೊಬ್ಬನ ಬಲಗೈ ಎಡಗೈಗಿಂತ ಉದ್ದ. "ಅದು ನಿನಗೆ ಕಾಣಲ್ಲ ಕಣೇ, ಟೇಪು ಹಿಡಿದವರಿಗೆ ಕಾಣುತ್ತೆ" ಎನ್ನುತ್ತಿದ್ದಳು. ಹೀಗೆ ಅಳೆದು ಸುರಿದು, ಸುರಿದು ಅಳೆದು, ಐವತ್ತು ದಾಟಿತು. ಎಂಥ ಗಿರಾಕಿ ಬಂದರೂ ಎದುರುತ್ತರ ನಾಲಿಗೆ ತುದಿಯಲ್ಲೇ ಇರುವ ಹೆಂಗಸು. ಅವಳ ಮುಂದೆ ನಾನೇ ಮೂಕಿ, ಅಂದಮೇಲೆ ಲೆಕ್ಕ ಹಾಕಿಕೊಳ್ಳಿ.

ಕಂಪನಿಯವರು ನಮಗೆ ವರ್ಷಕ್ಕೊಂದು ಪ್ರವಾಸದ ಸೀಟು ಬಿಟ್ಟಿ ಕೊಡುತ್ತಾರೆ. ನನಗೋ ಬಸ್ಸು ಹತ್ತಿದರೆ ಕರುಳು ಬಾಯಿಗೆ ಬರುತ್ತದೆ. ಈ ಸಲ ಸರೋವರದ ಪ್ರವಾಸದ ಸೀಟನ್ನು ಅಕ್ಕನಿಗೆ ಕೊಟ್ಟು, "ಹೋಗಿ ಬಾ, ನಾಲ್ಕು ದಿನ ಸೂಜಿ ಕೆಳಗಿಡು" ಎಂದು ದಬ್ಬಿದೆ. ಗೊಣಗುತ್ತ ಹೋದವಳು ಗುನುಗುತ್ತ ಬಂದಳು.

"ಹೇಗಿತ್ತೇ?" ಎಂದೆ.

"ಚೆನ್ನಾಗಿತ್ತು. ರೂಮಿನ ಕೀ ಒಳಗೇ ಬಿಟ್ಟು ಬಾಗಿಲು ಹಾಕ್ಕೊಂಡ್ಬಿಟ್ಟೆ. ಒಬ್ಬರು ಬಂದು ತೆಗೆದುಕೊಟ್ರು."

"ಅದನ್ನ ಬಿಡು, ಸರೋವರ ಹೇಗಿತ್ತು?"

"ಸರೋವರ ಅಂದ್ರೆ ನೀರು. ಇನ್ನು ಹೇಗಿರುತ್ತೆ?"

ನಾನು ದಡ್ಡಿ, ಅಲ್ಲೇ ಕಿವಿ ನೆಟ್ಟಗಾಗಬೇಕಿತ್ತು. ಆ ವಾರ ಒಬ್ಬ ಗಿರಾಕಿಯ ಕೋಟಿಗೆ ಅಕ್ಕ ಗುಂಡಿಗಳನ್ನು ಒಳಗಡೆ ಹೊಲಿದಿದ್ದಳು. ನಮ್ಮ ಯಜಮಾನರಂತೂ, "ನಿಮ್ಮಕ್ಕನಿಗೆ ಏನೋ ಗಾಳಿ ಹಿಡಿದಿದೆ" ಎಂದರು. ಬಸ್ಸಿನ ಆಯಾಸ ಇರಬೇಕು ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಪ್ರತಿ ಋತುವಿನ ಮೊದಲಲ್ಲಿ ಪ್ರವಾಸಿಗಳು ತೆಗೆದ ಒಂದು ಫೋಟೋವನ್ನು ನಾವು ಮುಖಪುಟಕ್ಕೆ ಹಾಕುತ್ತೇವೆ. ಅಕ್ಕ ತಾನಾಗಿ ನನ್ನ ಮನೆಗೆ ಬಂದು, ಒಂದೇ ಒಂದು ಫೋಟೋ ಕಳಿಸಿ, ಅದನ್ನೇ ಹಾಕಿಸಬೇಕು ಎಂದು ಪಟ್ಟು ಹಿಡಿದಳು. ಇನ್ನೊಬ್ಬರಿಂದ ಒಂದು ಲೋಟ ನೀರು ಕೇಳದ ಹೆಂಗಸು! ನನಗೆ ಎಷ್ಟು ಹಿಗ್ಗಾಯಿತೆಂದರೆ, "ಮ್ಯಾನೇಜರಮ್ಮನ ಕಾಲು ಹಿಡಿದಾದ್ರೂ ಹಾಕಿಸ್ತೀನಿ" ಎಂದು ಮಾತು ಕೊಟ್ಟೆ.

"ಆದ್ರೆ ಒಂದು ಮಾತು," ಎಂದಳು ಅಕ್ಕ. "ನೀನು ಕೈಯಾಡಿಸ್ಬೇಡ. ಇದ್ದದ್ದು ಇದ್ದ ಹಾಗೇ ಇರ್ಲಿ."

"ಆಯ್ತಮ್ಮ, ಆಯ್ತು" ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ. ಆಮೇಲೆ ತಿದ್ದಿದ್ದನ್ನು ನೋಡಿ, ನಾನೇ ತೆಗೆದದ್ದು ಎಂದು ಊರಿಗೆಲ್ಲ ತೋರಿಸುತ್ತಾರೆ.

ಫೋಟೋ ನಿಜವಾಗಿ ಸೊಗಸಾಗಿತ್ತು. ಬೆಳಗಿನ ಹೊತ್ತು. ಕಂಬಗಳ ಮೇಲೆ ನಿಂತ ಹಲಗೆಯ ಕಟ್ಟೆ, ದೋಣಿ ಹತ್ತುವುದಕ್ಕೆ ಮಾಡಿದ್ದು, ದಡದಿಂದ ನೀರಿನೊಳಕ್ಕೆ ಚಾಚಿದೆ. ಅಕ್ಕ ದಡದ ಪಕ್ಕದಲ್ಲಿ ನಿಂತು, ಫೋನನ್ನು ಉದ್ದಕ್ಕೆ ಹಿಡಿದು ತೆಗೆದಿದ್ದಳು. ಮೇಲೆ ಗುಡ್ಡ, ಆಕಾಶ. ಕೆಳಗೆ ಒಂದು ಸುಕ್ಕೂ ಇಲ್ಲದ ನೀರು. ದಾರ ಹಿಡಿದ ಹಾಗೆ ಬಟ್ಟೆ ಕತ್ತರಿಸುವ ಅಕ್ಕ ಫೋಟೋವನ್ನು ಮಾತ್ರ ಓರೆಯಾಗಿ ತೆಗೆದಿದ್ದಳು, ಸರೋವರದ ನೀರೆಲ್ಲ ಎಡಕ್ಕೆ ಸುರಿದುಹೋಗುವ ಹಾಗೆ.

ಕಟ್ಟೆಯ ತುದಿಯಲ್ಲಿ ಒಬ್ಬ ಮನುಷ್ಯ. ಗಿಡ್ಡ ಆಳು, ದೊಗಲೆ ಕೋಟು, ಕೈಯಲ್ಲಿ ಮಡಿಸಿದ ಛತ್ರಿ. ಪಾಸ್‌ಪೋರ್ಟ್ ಫೋಟೋಗೆ ನಿಂತವರ ಹಾಗೆ ಬಿಗಿಯಾಗಿ ನಿಂತಿದ್ದಾನೆ. ಅಷ್ಟು ದೊಡ್ಡ ಸರೋವರ ಬಿಟ್ಟು ಈ ಮಹಾಶಯನಿಗೆ ಇಲ್ಲೇ ನಿಲ್ಲಬೇಕಿತ್ತೇ ಎಂದು ನನಗೆ ರೇಗಿತು. ಪಾಪ, ಅಕ್ಕ ಇವನು ಸರಿಯಲಿ ಅಂತ ಎಷ್ಟು ಹೊತ್ತು ಕಾದಿದ್ದಳೋ!

ಕಂಪ್ಯೂಟರಿನಲ್ಲಿ ನಮ್ಮ ಮುಖಪುಟದ ಚಿತ್ರ ಅಗಲ ಜಾಸ್ತಿ, ಎತ್ತರ ಕಮ್ಮಿ. ಬಾಗಿಲಿನ ಮೇಲೆ ಹಾಕುವ ಬೋರ್ಡಿನ ಆಕಾರ. ಆದ್ದರಿಂದ ಮೊದಲು ಓರೆ ಸರಿಮಾಡಿ, ನಡುವಿನ ಅಗಲದ ಪಟ್ಟಿಯನ್ನು ಮಾತ್ರ ಉಳಿಸಿಕೊಂಡು ಮೇಲಿನ ಆಕಾಶವನ್ನೂ ಕೆಳಗಿನ ನೀರನ್ನೂ ಮರೆಮಾಡಿದೆ. ಹೀಗೆ ಕತ್ತರಿಸಿದ ಭಾಗ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಫೈಲಿನೊಳಗೆ ಹಾಗೇ ಇರುತ್ತದೆ. ಮಡಿಸಿ ಹೊಲಿದ ಲಂಗದ ಅಂಚಿನ ಹಾಗೆ ಅಂದುಕೊಳ್ಳಿ. ಆಮೇಲೆ ಗುಡ್ಡದ ನೆರಳಿಗೆ ಒಂದಿಷ್ಟು ಬೆಳಕು ಕೊಟ್ಟೆ. ಅಕ್ಕನ ಫೋನು ನೀರಿಗೆ ಹಾಕಿದ್ದ ಹಸಿರು ಛಾಯೆ ತೆಗೆದು ಅದರ ನೀಲಿಯನ್ನು ಅದಕ್ಕೆ ವಾಪಸ್ಸು ಕೊಟ್ಟೆ. ತೇಲುತ್ತಿದ್ದ ಒಂದು ಬಾಟಲಿ ಒರೆಸಿದೆ. ಕೊನೆಗೆ ಛತ್ರಿಯವನ ಸರದಿ. ಕಾಲಿನ ಹತ್ತಿರ ಹಲಗೆಗಳ ಗೆರೆ ಸೇರಿಸುವುದು ಸ್ವಲ್ಪ ಕಷ್ಟವಾಯಿತು, ತಲೆಯ ಹಿಂದಿನ ಗುಡ್ಡ ಸುಲಭವಾಗಿ ಬಂತು. ಕಾಫಿ ಆರುವುದರೊಳಗೆ ಮಹಾಶಯ ಮಂಗಮಾಯ.

ಬೇಗ ತೆರೆದುಕೊಳ್ಳಲೆಂದು ಫೈಲಿನ ತೂಕ ಇಳಿಸಿ ಜಾಲಪ್ಪನಿಗೆ ದಾಟಿಸಿದೆ. ಮೊಬೈಲಿನಲ್ಲಿ ನೋಡುವವರಿಗೆ ಬೇಕಾದ ಉದ್ದನೆಯ ಚಿತ್ರವನ್ನು ಅದೇ ಫೈಲಿನಿಂದ ಅವನ ಸಾಫ್ಟ್‌ವೇರೇ ಮಾಡಿಕೊಳ್ಳುತ್ತದೆ. ಅದನ್ನು ನಾವು ಯಾರೂ ತಿರುಗಿ ನೋಡುವ ಪದ್ಧತಿ ಇಲ್ಲ. ಮ್ಯಾನೇಜರಮ್ಮ ಬಂದು ನನ್ನ ಬೆನ್ನು ತಟ್ಟಿ, ಚಿತ್ರದ ಕೆಳಗೆ ಹಾಕಲು ಒಂದು ಸಾಲು ಬರೆದುಕೊಟ್ಟರು: "ಇಲ್ಲಿ ಯಾರೂ ಇಲ್ಲ, ನೀವು ಬರುವುದೊಂದೇ ಬಾಕಿ."

ಮಾರನೆಯ ದಿನ ಮಧ್ಯಾಹ್ನ ಅಕ್ಕ ಆಫೀಸಿಗೆ ಬಂದಳು. ಅಂಗಡಿಗೆ ಬಾಗಿಲು ಹಾಕಿ, ತನಗೇ ಅಂತ ಹೊಲಿದಿಟ್ಟು ಎಂದೂ ಹಾಕಿಕೊಳ್ಳದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದಳು. "ದೊಡ್ಡದರಲ್ಲಿ ನೋಡ್ಬೇಕು ಅನ್ನಿಸ್ತು" ಎಂದಳು. ನಾನು ಕುರ್ಚಿ ಎಳೆದು ಕೂರಿಸಿ, ಮುಖಪುಟ ತೆರೆದು, ಹೊಗಳಿಕೆಗಾಗಿ ಕಾದು ನಿಂತೆ.

ಅಕ್ಕ ನೋಡಿದಳು. ಮುಂದಕ್ಕೆ ಬಾಗಿ ನೋಡಿದಳು. ಕನ್ನಡಕ ಒರೆಸಿಕೊಂಡು ನೋಡಿದಳು.

"ಅವರೆಲ್ಲಿ?"

"ಯಾರು?"

"ಕಟ್ಟೆ ತುದೀಲಿದ್ರಲ್ಲ, ಅವರು."

"ಓ, ಆ ಛತ್ರಿಯವನಾ? ತೆಗೆದುಹಾಕಿದೆ! ಹೇಗಿದೆ ನೋಡು, ಗುರುತೇ ಸಿಗಲ್ಲ!"

ಅಕ್ಕನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಂಡಿಯನ್ನು ತೆಗೆಯುತ್ತ ಹಾಕುತ್ತ ಕೂತಳು. ಅವಳ ಕಣ್ಣಲ್ಲಿ ನೀರು ನೋಡಿ ನನ್ನ ಜೀವ ಹಾರಿಹೋಯಿತು.

"ಅಕ್ಕಾ, ಯಾರೇ ಅವರು?"

ಆಗ ಹೊರಗೆ ಬಂತು. ಅವಳ ರೂಮಿನ ಬಾಗಿಲು ತೆಗೆದುಕೊಟ್ಟ 'ಒಬ್ಬರು' ಅವರೇ. ಆ ಊರಿನ ಬೀಗದ ಅಂಗಡಿಯವರು, ವಸತಿಗೃಹದ ಬೀಗಗಳ ರಿಪೇರಿಯೂ ಅವರದೇ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾಗಿಲು ತೆಗೆದಾದಮೇಲೆ ಅವರ ಕೋಟಿನ ತೋಳು ಹರಿದಿದ್ದನ್ನು ನೋಡಿ ಅಕ್ಕ ಹೊಲಿದುಕೊಟ್ಟಳಂತೆ. ಮಾರನೆಯ ದಿನ ಅವರು ಬೀಗ ಸರಿಯಾಗಿದೆಯೇ ನೋಡಲು ಬಂದರು. ಅದರ ಮಾರನೆಯ ದಿನವೂ ಬಂದರು. ಎಂಥ ಬೀಗವೋ ಏನೋ! ಹೊರಡುವ ದಿನ ಬೆಳಿಗ್ಗೆ ಸರೋವರದ ದಡದಲ್ಲಿ, "ಒಬ್ಬನೇ ಊಟ ಮಾಡಿ ಮಾಡಿ ಬೇಜಾರಾಗಿದೆ. ನಿಮಗೆ ಒಪ್ಪಿಗೆ ಇದ್ರೆ ಇಬ್ರೂ ಒಟ್ಟಿಗೆ ಇದ್ದುಬಿಡೋಣ್ವಾ?" ಎಂದು ಕೇಳಿಯೇಬಿಟ್ಟರಂತೆ.

"ನೀನೇನಂದೆ?"

"ಬಾಯೇ ಬರ್ಲಿಲ್ಲ ಕಣೇ." ಊರಿಗೆಲ್ಲ ಉತ್ತರ ಕೊಡುವ ನನ್ನ ಅಕ್ಕ ಹೇಳಿದಳು! "ಹೂಂ ಅನ್ನೋಕೆ ಬಾಯಿ ತೆಗೀತೀನಿ, ಗಾಳಿ ಬರುತ್ತೆ, ಮಾತು ಬರಲ್ಲ. ಅದಕ್ಕೆ ಹೇಳ್ದೆ, ಹೋಗಿ ಆ ತುದೀಲಿ ನಿಂತ್ಕೊಳ್ಳಿ, ಫೋಟೋ ತೆಗೀತೀನಿ, ನಮ್ಮ ತಂಗಿ ಕಂಪನಿಯ ವೆಬ್‌ಸೈಟಲ್ಲಿ ಹಾಕಿಸ್ತೀನಿ. ಅದರಲ್ಲಿ ನೀವು ಇದ್ರೆ ಹೂಂ ಅಂತ ತಿಳ್ಕೊಂಡು ಅಂಗಡಿಯ ಈ ನಂಬರಿಗೆ ಫೋನ್ ಮಾಡಿ. ಇಲ್ದಿದ್ರೆ ಇಲ್ಲ ಅಂತ. ಆಮೇಲೆ ಮಾತೇ ಬೇಡ."

"ಅಯ್ಯೋ ನನ್ನಮ್ಮಾ! ಇದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಾ? ಇದ್ದದ್ದು ಇದ್ದ ಹಾಗೆ ಇರ್ಲಿ ಅಂತ ಮಾತ್ರ ಹೇಳಿದ್ದೆ. ಅಷ್ಟು ಸಾಕು ಅಂದ್ಕೊಂಡೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ನಾನೇ. ಅಕ್ಕ ಜೀವಮಾನವೆಲ್ಲ ಅಳೆದು ಕೊನೆಗೂ ಒಬ್ಬರನ್ನು ಒಪ್ಪಿದರೆ, ಅವರನ್ನು ನಾನು ಒಂದು ಕಾಫಿಯ ಹೊತ್ತಿನಲ್ಲಿ ಒರೆಸಿ ಹಾಕಿದ್ದೆ. ಸಾಲದ್ದಕ್ಕೆ ಕೆಳಗೆ, "ಇಲ್ಲಿ ಯಾರೂ ಇಲ್ಲ" ಎಂಬ ಬರಹ ಬೇರೆ!

"ಅವರ ನಂಬರ್ ಕೊಡು."

"ಕೇಳ್ಲಿಲ್ಲ. ಕೇಳಿದ್ರೆ ಆಸೆಬುರುಕಿ ಅಂದ್ಕೊಳ್ತಾರೆ ಅಂತ ಸುಮ್ನಿದ್ದೆ."

ಮೂಲ ಫೋಟೋ ನನ್ನ ಹತ್ತಿರ ಇತ್ತು, ಮೂಲವನ್ನು ನಾನು ಎಂದೂ ಮುಟ್ಟುವುದಿಲ್ಲ. ಗಾಜಿನ ಕೋಣೆಗೆ ನುಗ್ಗಿ, "ಮುಖಪುಟದ ಚಿತ್ರ ಈಗಲೇ ಬದಲಾಗ್ಬೇಕು, ಅದರಲ್ಲಿ ಒಬ್ಬ ಮನುಷ್ಯ ಇರ್ತಾನೆ, ನಿಮ್ಮ ನಿಯಮ ಇವತ್ತೊಂದು ದಿನ ಪಕ್ಕಕ್ಕಿರ್ಲಿ" ಎಂದು ಒಂದೇ ಉಸಿರಿಗೆ ಒದರಿದೆ. ಮ್ಯಾನೇಜರಮ್ಮ ಗಾಜಿನ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. "ಹಾಕಿ, ಹಾಕಿ, ನಿಂತು ಮಾತಾಡ್ತಾ ಇದ್ದೀರಲ್ಲ!" ಎಂದು ನನ್ನನ್ನೇ ಗದರಿದರು. ಜಾಲಪ್ಪ ಮಾತ್ರ ತಲೆ ಕೆರೆದುಕೊಂಡ. "ಈಗ ಬದಲಾಯಿಸ್ತೀನಿ ಮೇಡಂ. ಆದ್ರೆ ಬೆಳಿಗ್ಗೆಯಿಂದ ಹಳೇದನ್ನ ನೋಡಿದವರು ನೋಡಿಯಾಯ್ತಲ್ಲ. ಅದಕ್ಕೇನು ಮಾಡೋದು?"

ಬೆಳಿಗ್ಗೆಯಿಂದ! ನಾನು ಆ ವಸತಿಗೃಹಕ್ಕೆ ಫೋನ್ ಮಾಡಿ, ಅವರ ತಲೆ ತಿಂದು, ಬೀಗದ ಅಂಗಡಿಯ ನಂಬರು ಕಿತ್ತುಕೊಂಡೆ. ಆ ನಂಬರಿಗೆ ಮಾಡಿದರೆ ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. "ಯಾರ ಜೊತೆ ಹರಟ್ತಿದ್ದಾನೋ ಪುಣ್ಯಾತ್ಮ!" ಎಂದು ನಾನು ಹಲ್ಲು ಕಡಿಯುವ ಹೊತ್ತಿಗೆ ಅಕ್ಕನ ಕೈಚೀಲ ಗುಣುಗುಟ್ಟಿತು. ಅಂಗಡಿಗೆ ಬಂದ ಕರೆಗಳು ಅವಳ ಮೊಬೈಲಿಗೇ ಬರುತ್ತವೆ.

ಅಕ್ಕ ಫೋನು ಹೊರಗೆಳೆದಳು. ಎಲ್ಲೋ ಒತ್ತಲು ಹೋಗಿ ಎಲ್ಲೋ ಒತ್ತಿ, ಸ್ಪೀಕರ್ ಆನಾಗಿ, ಇಡೀ ಆಫೀಸಿಗೆ ಕೇಳಿಸಿತು.

"ಹಲೋ, ಹೊಲಿಗೆಯವರಾ? ನಾನು ರೀ, ಬೀಗದವನು. ನೋಡಿದೆ! ಇದ್ದೀನಿ! ಕಟ್ಟೆ ತುದೀಲೇ ಇದ್ದೀನಿ, ಛತ್ರಿ ಸಮೇತ!"

ನಾವು ಮುಖ ಮುಖ ನೋಡಿಕೊಂಡೆವು. ಜಾಲಪ್ಪ ಎರಡೂ ಕೈ ಎತ್ತಿ, ತಾನಿನ್ನೂ ಏನನ್ನೂ ಬದಲಾಯಿಸಿಲ್ಲ ಎಂದು ಸನ್ನೆ ಮಾಡಿದ.

"ತಮಾಷೆ ಮಾಡ್ಬೇಡಿ," ಎಂದಳು ಅಕ್ಕ. "ನೀವು ಅದರಲ್ಲಿ ಇಲ್ಲ. ನಾನೇ ನೋಡ್ದೆ."

"ಇಲ್ವಾ? ನನ್ನ ಕಣ್ಣೆದುರೇ ಇದೆಯಲ್ರೀ! ನನ್ನ ಹತ್ರ ಅಂಥ ಫೋನಿಲ್ಲ. ಅಂಗಡಿಗೆ ಬಂದವರನ್ನೆಲ್ಲ ಆ ವೆಬ್‌ಸೈಟ್ ತೋರಿಸಿ ತೋರಿಸಿ ಅಂತ ದಿನಾ ಪೀಡಿಸ್ತಿದ್ದೆ. ಇವತ್ತು ಇವರು ತೆಗೆದು ಮೇಜಿನ ಮೇಲಿಟ್ರು. ನೆಟ್ಟಗೆ ನಿಂತಿದ್ದೀನಿ ನೋಡಿ, ನಿಮ್ಮ ಹೊಲಿಗೆ ಹಾಕಿದ ತೋಳೂ ಕಾಣ್ತಿದೆ."

ಆ ಕಡೆ ಇನ್ನೊಂದು ದನಿ: "ಯಜಮಾನ್ರೇ, ಫೋನು ನನ್ನ ಕಡೆ ಮುಖ ಮಾಡಿದೆ, ನಿಮಗೆ ತಲೆಕೆಳಗಾಗಿ ಕಾಣ್ತಿದೆ. ತಡೀರಿ, ತಿರುಗಿಸ್ತೀನಿ."

ಮೇಜಿನ ಮೇಲೆ ಫೋನು ಜರುಗಿದ ಸದ್ದು. ಆಮೇಲೆ ಬೀಗದವರ ದನಿ ಮೆತ್ತಗಾಯಿತು. "ಅರೆ! ಕಟ್ಟೆ ಖಾಲಿ. ನಾನು ನೀರೊಳಗೆ ತಲೆಕೆಳಗಾಗಿ ನಿಂತಿದ್ದೀನಲ್ರೀ."

ನಾನು ಜಾಲಪ್ಪನ ಮೊಬೈಲು ಕಿತ್ತುಕೊಂಡು ಮುಖಪುಟ ತೆರೆದೆ. ಹೌದು! ಕಂಪ್ಯೂಟರಿಗೆಂದು ನಾನು ಮರೆಮಾಡಿದ್ದ ಕೆಳಗಿನ ನೀರು ಮೊಬೈಲಿನ ಉದ್ದನೆಯ ಚಿತ್ರದಲ್ಲಿ ಪೂರ್ತಿ ಬಿಚ್ಚಿಕೊಂಡಿತ್ತು. ಮೇಲೆ ಕಟ್ಟೆಯ ಮೇಲೆ ನರಪಿಳ್ಳೆ ಇಲ್ಲ. ಕೆಳಗೆ ನಿಂತ ನೀರಿನಲ್ಲಿ ಕಟ್ಟೆಯ ಪ್ರತಿಬಿಂಬ, ಅದರ ತುದಿಯಲ್ಲಿ ದೊಗಲೆ ಕೋಟು, ಛತ್ರಿ, ಇಡೀ ಆಳು. ಮನುಷ್ಯನನ್ನು ಒರೆಸಿ ಅವನ ಪ್ರತಿಬಿಂಬ ಬಿಡುವುದು! ಈ ಕೆಲಸಕ್ಕೆ ನಿನ್ನೆ ಸೇರಿದವರೂ ಮಾಡದ ತಪ್ಪು. ನಾಚಿಕೆಯಿಂದ ಮುಖ ಮುಚ್ಚಿಕೊಳ್ಳಬೇಕಾದ ನಾನು ಆಫೀಸಿನ ನಡುವೆ ಕುಣಿಯುತ್ತಿದ್ದೆ.

"ಹೊಲಿಗೆಯವರೇ," ಎಂದರು ಫೋನಿನಲ್ಲಿ ಬೀಗದವರು, "ಮೇಲೆ ಇಲ್ಲ, ಕೆಳಗೆ ಇದ್ದೀನಿ. ಇದನ್ನ ಏನಂತ ತಿಳ್ಕೊಳ್ಲಿ? ನೀವೇ ಹೇಳಿಬಿಡಿ."

ಅಕ್ಕ ಬಾಯಿ ತೆಗೆದಳು. ಗಾಳಿ ಬಂತು, ಮಾತು ಬರಲಿಲ್ಲ.

ಎಲ್ಲಾ ತಂಗೀದೇ ತಪ್ಪು, ಹೂಂ ಅಂತಲೇ ಅರ್ಥ, ಕೂಡಲೇ ಹೊರಟು ಬನ್ನಿ ಎಂದು ಕಿರುಚಲು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ನುಂಗಿಕೊಂಡೆ. ಅವಳ ಪರವಾಗಿ ನಾನು ಕೊಟ್ಟ ಉತ್ತರದ ಪಾಡು ನೋಡಿಯಾಗಿತ್ತಲ್ಲ. ಮ್ಯಾನೇಜರಮ್ಮ ಗಾಜಿನ ಬಾಗಿಲು ಹಿಡಿದು ನಿಂತಿದ್ದರು, ಜಾಲಪ್ಪ ಉಸಿರು ಬಿಗಿಹಿಡಿದಿದ್ದ.

"ಹೂಂ" ಎಂದಳು ಅಕ್ಕ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನಂದ್ರಿ? ಕೇಳಿಸ್ಲಿಲ್ಲ."

"ಹೂಂ ಅಂದೆ ರೀ! ಹೂಂ! ಮೇಲೂ ಹೂಂ, ಕೆಳಗೂ ಹೂಂ! ಎಷ್ಟು ಸಲ ಹೇಳ್ಬೇಕು ನಿಮಗೆ?"

ಕೆಳಗಿನ ಚಪ್ಪಲಿ ಅಂಗಡಿಯವರು ಜಗಳವಾಗುತ್ತಿದೆ ಎಂದುಕೊಂಡು ಮೆಟ್ಟಿಲು ಹತ್ತಿ ಬಂದರು. ಬಂದು ನೋಡಿದರೆ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದೇವೆ, ನೀಲಿ ಅಂಗಿಯ ಹೆಂಗಸೊಬ್ಬಳು ಫೋನಿಗೆ, "ಬರೋವಾಗ ಆ ಕೋಟು ತಗೊಂಡು ಬನ್ನಿ, ಹೆಗಲ ಹತ್ರ ದೊಗಲೆ, ಸರಿಮಾಡ್ಬೇಕು" ಎಂದು ಅಪ್ಪಣೆ ಕೊಡುತ್ತಿದ್ದಾಳೆ. ಮಾತು ವಾಪಸ್ಸು ಬಂದಿತ್ತು.

ನನಗೆ ತಕ್ಷಣ ಕೂತು ಆ ಚಿತ್ರ ಸರಿಮಾಡುವ ಆತುರ. ಕಸುಬಿನ ಮರ್ಯಾದೆ ನೋಡಿ. ಮೌಸಿಗೆ ಕೈ ಹಾಕಿದ್ದೇ ತಡ, ಅಕ್ಕ ಅದರ ಮೇಲೆ ಫಟ್ಟೆಂದು ಒಂದು ಕೊಟ್ಟಳು. "ಮುಟ್ಟಿದ್ರೆ ನೋಡು!"

ಹಾಗಾಗಿ ಆ ಋತುವಿಡೀ ನಮ್ಮ ಮುಖಪುಟದಲ್ಲಿ ಅದೇ ಇತ್ತು. ಮೊಬೈಲಿನಲ್ಲಿ ನೋಡಿದವರು ಎಷ್ಟೋ ಜನ ಫೋನ್ ಮಾಡಿ ನೀರಿನಲ್ಲಿರುವವರು ಯಾರು ಎಂದು ಕೇಳಿದರು. ಮ್ಯಾನೇಜರಮ್ಮ ಗಂಭೀರವಾಗಿ, "ನಮ್ಮ ಕಡೆಯ ಅಳಿಯಂದಿರು" ಎನ್ನುತ್ತಿದ್ದರು.

ಬೀಗದವರು ಮುಂದಿನ ವಾರವೇ ಬಂದರು. ಮನೆಯ ಬಾಗಿಲು ತೆಗೆದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನ್ನನ್ನ ಒರೆಸಿದವರು ನೀವೇನಾ?" ಎಂದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನೋಡಿ, ಅಕ್ಕ ಟೇಪು ಹಿಡಿಯದೆಯೇ ಇವರನ್ನು ಯಾಕೆ ಒಪ್ಪಿದಳು ಅಂತ ಅರ್ಥವಾಯಿತು.

ಮದುವೆಯ ದಿನ ಅವರಿಬ್ಬರನ್ನು ಅದೇ ಹಲಗೆಕಟ್ಟೆಯ ತುದಿಯಲ್ಲಿ ನಿಲ್ಲಿಸಿ ನಮ್ಮ ಯಜಮಾನರು ಒಂದು ಫೋಟೋ ತೆಗೆದರು. ಕರುಳು ಬಾಯಿಗೆ ಬಂದರೂ ಬಸ್ಸು ಹತ್ತಿ ನಾನೂ ಹೋಗಿದ್ದೆ. ವಾಪಸ್ಸು ಬಂದ ಮೇಲೆ ಆ ಫೋಟೋ ನನ್ನ ಮೇಜಿಗೆ ಬಂತು. ಸರೋವರ ಓರೆಯಾಗಿದೆ. ಮೂಲೆಯಲ್ಲಿ ಯಜಮಾನರ ಹೆಬ್ಬೆರಳಿದೆ. ಯಾರದೋ ದೋಣಿ ಅಡ್ಡ ಬಂದಿದೆ, ಭಾವನವರ ಅರ್ಧ ಮುಖವನ್ನು ಛತ್ರಿ ಮರೆಮಾಡಿದೆ, ಅಕ್ಕ ಏನೋ ಹೇಳುತ್ತ ಬಾಯಿ ತೆಗೆದಿದ್ದಾಳೆ.

ಬಹಳ ಹೊತ್ತು ನೋಡಿದೆ. ಆಮೇಲೆ ಯಾವುದನ್ನೂ ಮುಟ್ಟದೆ, ಇದ್ದದ್ದು ಇದ್ದ ಹಾಗೇ ಅಕ್ಕನಿಗೆ ಕಳಿಸಿಬಿಟ್ಟೆ.